ನಡುಗುವ ಸೇತುವೆಯ ಮೇಲೆ ಅಪ್ಪಾಸಾಹೇಬರು

ಮುಂಬಯಿ ಮಗ್ಗುಲಿನ ನಮ್ಮ ಡೊಂಬಿವಲಿಯಲ್ಲಿ ಹೊಸದೊಂದು ಪಾದಚಾರಿ ಸೇತುವೆ ಆಗಿದೆ. ಕಟ್ಟಲು ಎಷ್ಟು ಕಾಲ ಹಿಡಿಯಿತು ಎಂದು ಕೇಳಬೇಡಿ. ಮೊದಲ ಕಂಬದ ಮೇಲೆ ಬಂದು ಕೂತ ಪಾರಿವಾಳದ ಮರಿಮಕ್ಕಳು ಕೊನೆಯ ಕಂಬದ ಮೇಲೆ ಕೂತು ತಮ್ಮ ಮನೆತನದ ಇತಿಹಾಸ ಹೇಳಿಕೊಳ್ಳುತ್ತಿದ್ದವು ಎಂದರೆ ಸಾಕು. ಪೂರ್ವದಲ್ಲಿ ವಾಚನಾಲಯ, ಅದಕ್ಕೆ ತಾಗಿ ಮೈದಾನ. ಪಶ್ಚಿಮದಲ್ಲಿ ನಾಟ್ಯಗೃಹ, ಅದರ ಹಿಂದೆ ಉದ್ಯಾನ. ನಡುವೆ ರೈಲು ಹಳಿಗಳ ಗಂಗಾನದಿ. ಪುಸ್ತಕ ಓದಿದವನು ನಾಟಕಕ್ಕೆ ಹೋಗಬೇಕಾದರೆ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಕಬ್ಬಿನ ಜಲ್ಲೆಯಂತೆ ಹಿಂಡಿಸಿಕೊಂಡು ಆಚೆ ದಾಟಬೇಕಿತ್ತು. ದಾಟುವಷ್ಟರಲ್ಲಿ ಓದಿದ್ದೂ ಮರೆತುಹೋಗಿ ನಾಟಕವೂ ಮುಗಿದಿರುತ್ತಿತ್ತು. ಇನ್ನು ಮೇಲೆ ಜನ ಸಂಜೆ ಹೊತ್ತು ಗಾಳಿ ಕುಡಿಯುತ್ತ, ಮಾತಾಡುತ್ತ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ತೇಲಿಹೋಗಲಿ ಎಂಬುದು ನಗರದ ಆಸೆ.

ಆಸೆ ಒಳ್ಳೆಯದೇ. ಆದರೆ ಡೊಂಬಿವಲಿಯವರ ಕಾಲುಗಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಾಲುಗಳಿಗೆ ಸೇತುವೆ ಎಂದರೆ ಒಂದೇ ಅರ್ಥ: ಗಾಡಿ ಬಂತು, ಓಡು. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿದ ಸದ್ದು ಇನ್ನೂ ಗಾಳಿಯಲ್ಲಿರುವಾಗಲೇ ಸೇರಿದ್ದ ಜನವೆಲ್ಲ ಎದ್ದು ಓಡಿತು. ಹೆಂಗಸರು ಪರ್ಸನ್ನು ಎದೆಗೆ ಅವಚಿಕೊಂಡು, ಮುದುಕರು ಕೊಡೆಯನ್ನು ಭರ್ಜಿಯಂತೆ ಮುಂದೆ ಚಾಚಿಕೊಂಡು, ಮುಖ್ಯ ಅತಿಥಿಗಳನ್ನು ಹೂಮಾಲೆ ಸಮೇತ ನಡುವೆ ಎತ್ತಿಕೊಂಡು ಓಡಿದರು. ಆಚೆ ತುದಿ ಮುಟ್ಟಿದ ಮೇಲೆ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ಕೇಳಿದರು: “ಕೌನ್ಸಾ ಪ್ಲಾಟ್‌ಫಾರ್ಮ್? ಫಾಸ್ಟ್ ಹೈ ಕ್ಯಾ?” ಎದುರಿಗೆ ಇದ್ದದ್ದು ಉದ್ಯಾನದ ಜಾರುಬಂಡಿ. ನಾಲ್ಕು ಜನ ಅದರ ಮೇಲೂ ಕರವಸ್ತ್ರ ಹಾಕಿ ಸೀಟು ಹಿಡಿದರು ಎನ್ನುತ್ತಾರೆ. ಸುಳ್ಳು ಹೇಳಬಾರದು, ನಾನು ನೋಡಿದ್ದು ಮೂವರನ್ನು ಮಾತ್ರ.

ಸೇತುವೆಗೆ ಇನ್ನೊಂದು ಗುಣವಿತ್ತು. ಕೆಳಗೆ ಗಾಡಿ ಹೋದಾಗ ಅದು ನಡುಗುತ್ತಿತ್ತು. ಬೆಂಚಿನ ಮೇಲಿಟ್ಟ ಚಹಾದ ಗ್ಲಾಸು ತಾನಾಗಿಯೇ ಸರಿದು ಪಕ್ಕದವನ ಕೈಗೆ ಹೋಗುತ್ತಿತ್ತು. ಹೆದರಿದವರು ಹೋಗಿ ಎಂಜಿನಿಯರನನ್ನು ಹಿಡಿದರು. ಆತ ನಕ್ಕು, “ಉಕ್ಕಿನ ಸೇತುವೆ ಅಲ್ಲಾಡಿದರೆ ಗಟ್ಟಿ ಇದೆ ಅಂತ ಅರ್ಥ, ಅಲ್ಲಾಡದಿದ್ದರೆ ಆಗ ಬನ್ನಿ” ಎಂದು ಕಳಿಸಿಬಿಟ್ಟ. ಕೆಲವು ಮನುಷ್ಯರೂ ಹಾಗೇ ಇರುತ್ತಾರೆ. ಅಪ್ಪಾಸಾಹೇಬರು ಆ ಜಾತಿ.

ಅಪ್ಪಾಸಾಹೇಬರು ಅಥಣಿ ಕಡೆಯವರು. ಮೀಸೆ ಬರುವ ಮೊದಲೇ ಮುಂಬಯಿಗೆ ಬಂದು, ಮಸ್ಜಿದ್ ಬಂದರದ ಒಂದು ಮೆಣಸಿನಕಾಯಿ ವ್ಯಾಪಾರದ ಪೇಢಿಯಲ್ಲಿ ಗುಮಾಸ್ತರಾಗಿ ಸೇರಿ, ಮೀಸೆ ನೆರೆತ ಮೇಲೆ ಬಿಟ್ಟವರು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಅವರ ಅಂಗಿಗೆ ಎಷ್ಟು ಹಿಡಿದಿತ್ತೆಂದರೆ, ಅವರ ಹೆಂಡತಿ ಅಂಗಿ ಒಗೆದ ನೀರನ್ನು ಹಾಗೆಯೇ ಸಾರಿಗೆ ಹಾಕುತ್ತಿದ್ದರು ಎಂದು ನಾನೇ ಊರೆಲ್ಲ ಹಬ್ಬಿಸಿದ್ದೇನೆ. ನಮ್ಮದು ಒಂದೇ ಸೊಸೈಟಿ. ಅವರದು ಎರಡನೆಯ ಮಾಳಿಗೆ, ನನ್ನದು ನೆಲಮಹಡಿ. ಕೆಮ್ಮು ಕೇಳಿಸಿತೆಂದರೆ ಸಾಹೇಬರು ಮನೆಗೆ ಬಂದರು ಎಂದು ಲೆಕ್ಕ.

ಆದರೆ ಅದೇ ಗಂಟಲಿನಿಂದ, ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ, ಬೇರೆಯದೇ ಒಂದು ದನಿ ಹೊರಡುತ್ತಿತ್ತು. ಅವರು ಹತ್ತುವ ಗಾಡಿಯ ಡಬ್ಬಿಯಲ್ಲಿ ಒಂದು ಭಜನಾ ಮಂಡಳಿ. ಬಾಗಿಲ ಪಕ್ಕದ ಜಾಗ ಅವರದು. ಒಬ್ಬ ತಾಳ ಹಿಡಿದರೆ ಇನ್ನೊಬ್ಬ ಡಬ್ಬಿಯ ಗೋಡೆಯನ್ನೇ ಪಖವಾಜಿನಂತೆ ಬಡಿಯುತ್ತಿದ್ದ. ಅಪ್ಪಾಸಾಹೇಬರು ಬಲಗೈಯಿಂದ ಮೇಲಿನ ಹಿಡಿಕೆ ಹಿಡಿದು, ಒಂದು ಕಾಲನ್ನು ತಮ್ಮ ಚಪ್ಪಲಿಯ ಮೇಲೂ ಇನ್ನೊಂದನ್ನು ಯಾರದೋ ಬೂಟಿನ ಮೇಲೂ ಇಟ್ಟು, ಕಣ್ಣು ಮುಚ್ಚಿ ಹಾಡು ಎತ್ತಿಕೊಳ್ಳುತ್ತಿದ್ದರು. ದಿವಾ ಸ್ಟೇಷನ್ ದಾಟಿ ಗಾಡಿ ಪಾರಸಿಕ್ ಸುರಂಗ ಹೊಕ್ಕಾಗ ಅವರ ದನಿ ತಾರಕಕ್ಕೆ ಹೋಗುತ್ತಿತ್ತು. ಸುರಂಗದ ಬಾವಲಿಗಳು ತಲೆಕೆಳಗಾಗಿ ನೇತಾಡುವುದನ್ನು ಬಿಟ್ಟು ನೆಟ್ಟಗೆ ಕೂತು ತಾಳ ಹಾಕುತ್ತಿದ್ದವು. ಒಮ್ಮೆ ಒಬ್ಬ ಜೇಬುಗಳ್ಳ ಕದ್ದ ಪಾಕೀಟನ್ನು ಇದ್ದ ಜೇಬಿಗೇ ವಾಪಸಿಟ್ಟು, ಭಕ್ತಿಯ ಭರದಲ್ಲಿ ತನ್ನ ಬಾಚಣಿಗೆಯನ್ನೂ ಜತೆಗೆ ಸೇರಿಸಿ ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಇಳಿದುಹೋದ.

ಅವರಿಗೆ ಹೆಸರು ತಂದ ಹಾಡಿನ ಪದವನ್ನು ಅವರೇ ಕಟ್ಟಿದ್ದು. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಅರ್ಧ ಅಂಡು ಊರಿ ಕೂರುವುದು ನಮ್ಮ ಲೋಕಲ್ಲಿನ ಧರ್ಮ. ಅದರ ಮೇಲಿನ ಪದ ಅದು.

ಕುಂತಾವಗೂ ಒಂದ ಟೇಶನ್ನು
ನಿಂತಾವಗೂ ಒಂದ ಟೇಶನ್ನು
ಸರದು ಕುಂಡ್ರೋ ತಮ್ಮಾ, ಚೂರು ಸರದು ಕುಂಡ್ರೋ…

ಕನ್ನಡ ಬಾರದ ಗುಜರಾತಿಯವನೂ ಈ ಸಾಲು ಬಂದಾಗ ತನ್ನಷ್ಟಕ್ಕೆ ಸರಿದು ಕೂರುತ್ತಿದ್ದ.

ಈ ದನಿಯನ್ನು ಡೊಂಬಿವಲಿಯಿಂದ ಮಸ್ಜಿದ್ದಿನವರೆಗೆ ಎಲ್ಲರೂ ಕೇಳಿದ್ದರು, ಒಬ್ಬರನ್ನು ಬಿಟ್ಟು. ಅವರ ಹೆಂಡತಿ ನೀಲಗಂಗಾ. ನಸುಕಿನಲ್ಲೆದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿಕೊಟ್ಟವರು ಅವರು; ಗಂಡಸರ ಡಬ್ಬಿ ಹತ್ತಿ ಆ ರೊಟ್ಟಿ ಏನಾಗುತ್ತದೆಂದು ನೋಡಿದವರಲ್ಲ. ಭಾಜಿ ಮಾರ್ಕೆಟ್ಟಿಗೆ ಹೋದರೆ ಕೊತ್ತಂಬರಿಯವನು, “ಕಾಯ್ ಆವಾಜ್ ಆಹೆ ಹೋ ಸಾಹೇಬಾಂಚಾ!” ಎಂದು ಆ ದನಿಯನ್ನು ಹೊಗಳಿ ಒಂದು ಕಟ್ಟು ಹೆಚ್ಚಿಗೆ ಹಾಕುತ್ತಿದ್ದ. ನೀಲಗಂಗಾ ಮನೆಗೆ ಬಂದು ಆ ಕಟ್ಟನ್ನು ಗಂಡನ ಮುಂದೆ ಇಡುತ್ತಿದ್ದರು.

“ಊರಿಗೆಲ್ಲಾ ದನಿ, ನನಗ ಬರೇ ಕೆಮ್ಮು. ಇದ ಏನ್ ನ್ಯಾಯರೀ?”

“ಹಾಡ್ತೇನಿ ತಡಿ,” ಎಂದು ಸಾಹೇಬರು ದೇವರ ಮುಂದೆ ಕೂರುತ್ತಿದ್ದರು. ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲು ತಿರುಗಿದಂತೆ ಒಂದು ಸದ್ದು. ದೇವರೇ ಬೆಚ್ಚಿ ಪಕ್ಕಕ್ಕೆ ವಾಲಿದ್ದನ್ನು ನಾನು ಕಂಡಿದ್ದೇನೆ. ನಿಂತ ನೆಲದ ಮೇಲೆ ಅವರಿಗೆ ದನಿ ಏಳುತ್ತಿರಲಿಲ್ಲ. ನೆಲ ಅಲ್ಲಾಡಬೇಕು, ಮೈ ತೂಗಬೇಕು, ಯಾರಾದರೂ ಪಕ್ಕೆಗೆ ತಿವಿಯಬೇಕು. ಆಗ ಮಾತ್ರ ಆ ಗಂಟಲಿನ ಕೀಲಿ ತೆರೆಯುತ್ತಿತ್ತು. ನಿವೃತ್ತಿಯಾದ ದಿನ ಅವರು ಗಾಡಿಯಿಂದ ಕೆಳಗಿಳಿದರು. ದನಿ ಇಳಿಯಲಿಲ್ಲ, ಅದು ಹಿಡಿಕೆಗೆ ಜೋತುಬಿದ್ದು ಹಾಗೇ ಲೈನಿನ ಕೊನೆಯ ಕಸಾರಾಕ್ಕೆ ಹೊರಟುಹೋಯಿತು.

ನೀಲಗಂಗಾ ಇದನ್ನೂ ನಗುತ್ತ ಮರೆಯುತ್ತಿದ್ದರೇನೋ. ಆದರೆ ಹೋದ ಮಳೆಗಾಲದಲ್ಲಿ ಕುಕ್ಕರಿನ ಸೀಟಿ ಅವರಿಗೆ ಕೇಳಿಸದೆ ಬೇಳೆ ಸೀದು ಇದ್ದಲಾಯಿತು. ಡಾಕ್ಟರು ನೋಡಿದರು. ಎಡಗಿವಿ ಆಗಲೇ ಹೋಗಿದೆ, ಬಲಗಿವಿ ಹೊರಟು ನಿಂತಿದೆ, ಯಂತ್ರ ಹಾಕಿದರೂ ಅದು ಹೆಚ್ಚು ಕಾಲ ಕಾಯುವುದಿಲ್ಲ ಎಂದರು. ಮನೆಗೆ ಬಂದ ನೀಲಗಂಗಾ ಸೆರಗು ಬಿಗಿದು ಗಂಡನೆದುರು ನಿಂತರು.

“ಕಿವಿ ಹೋಗೂದಕ್ಕ ನನ್ನ ತಕರಾರಿಲ್ಲ. ಕೇಳಿದ್ದು ಭಾಳ ಆತು. ಆದ್ರ ನಿಮ್ಮ ದನಿ ಕೇಳದನ ಹೋತಂದ್ರ, ಆ ಕೊತ್ತಂಬರಿಯವ್ನ ಮುಂದ ನಾ ಮೋತಿ ಹೆಂಗ ತೋರಿಸ್ಲಿ? ಒಂದ್ಸಲ ಹಾಡ್ರಿ. ಒಂದ ಸಲ.”

ಸಾಹೇಬರು ಆ ಸಂಜೆ ನನ್ನ ಬಾಗಿಲಿಗೆ ಬಂದು ಕೂತರು. ಕೆಮ್ಮಲಿಲ್ಲ. ಅದರಿಂದಲೇ ನನಗೆ ವಿಷಯ ಗಂಭೀರವೆಂದು ತಿಳಿದದ್ದು.

ಮೊದಲು ಹಳೆಯ ಮಂಡಳಿಯ ಲತೀಶನಿಗೆ ಫೋನು ಹಚ್ಚಿದೆವು. ತಾಳ ಹಿಡಿಯುತ್ತಿದ್ದವನು ಅವನೇ. ಅವನ ಮೊಬೈಲಿನಲ್ಲಿ ಒಂದು ಹಳೆಯ ರೆಕಾರ್ಡಿಂಗು ಇತ್ತು. ನೀಲಗಂಗಾ ಅದನ್ನು ಬಲಗಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳಿದರು.

“ಏನ್ ಕೇಳಿಸ್ತು?” ಎಂದರು ಸಾಹೇಬರು, ಹುಡುಗನಂತೆ.

“ಯಾವನೋ ಒಬ್ಬಾಂವ ‘ಆಗೇ ಚಲೋ, ಆಗೇ ಚಲೋ’ ಅಂತಾನ. ಚಲೋ ಒದರ್ತಾನ. ಅಂವಾ ನೀವೇನು?”

ಆಮೇಲೆ ಒಂದು ಭಾನುವಾರ ಇಬ್ಬರೂ ಠಾಣೆಯವರೆಗೆ ಗಾಡಿಯಲ್ಲೇ ಹೋದರು. ಮಧ್ಯಾಹ್ನದ ಸ್ಲೋ ಲೋಕಲ್, ಡಬ್ಬಿ ಬಿಕೋ ಎನ್ನುತ್ತಿತ್ತು. ಜೀವಮಾನವಿಡೀ ನಿಂತೇ ಹೋದ ಮನುಷ್ಯನಿಗೆ ಅಂದು ಕಿಟಕಿಯ ಸೀಟು ಸಿಕ್ಕಿತು. ಹಿನ್ನೀರಿನ ಖಾಡಿಯ ಕಡೆಯ ಗಾಳಿ ಮುಖಕ್ಕೆ ಬಡಿಯಿತು. ಮುಂಬ್ರಾ ಬರುವ ಮೊದಲೇ ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ಸ್ಲೋ ಗಾಡಿಯ ದಾರಿಯಲ್ಲಿ ಸುರಂಗವಿಲ್ಲ; ಫಾಸ್ಟ್ ಗಾಡಿಗಳೂ ಈಗ ಆ ಸುರಂಗದೊಳಗೆ ಹೋಗುವುದಿಲ್ಲ. ಬಾವಲಿಗಳು ಮತ್ತೆ ತಲೆಕೆಳಗಾಗಿವೆಯಂತೆ. ಜನ ತುಂಬಿದ ಬೆಳಗಿನ ಗಾಡಿಗೆ ಈ ವಯಸ್ಸಿನಲ್ಲಿ ನೀಲಗಂಗಾ ಹತ್ತುವುದೆಂದರೆ ಕಿವಿಗಾಗಿ ಕೈಕಾಲು ಕಳೆದುಕೊಂಡಂತೆ. ಖಾರಘರದಲ್ಲಿರುವ ಮಗ ಸ್ವಪ್ನಿಲ್ ಫೋನಿನಲ್ಲೇ ಪರಿಹಾರ ಹೇಳಿದ: “ಪಪ್ಪಾ, ಕರಾವೋಕೆ ಟ್ರೈ ಕರೋ ನಾ. ಮೈಂ ಮಶೀನ್ ಭೇಜ್ತಾ ಹೂಂ.” ಮಶೀನು ಬಂತು. ಅದರ ಮುಂದೆ ಸಾಹೇಬರು ಕೆಮ್ಮಿದರು. ಅದು ನೂರಕ್ಕೆ ತೊಂಬತ್ತು ಅಂಕ ಕೊಟ್ಟಿತು.

ಕೊನೆಗೆ ಸುದ್ದಿ ಜಯಶೀಲನ ಕಿವಿಗೆ ಬಿತ್ತು. ಜಯಶೀಲ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ, ಕಾರ್ಕಳದವ, ಕಲ್ಯಾಣದಲ್ಲಿ ಹೋಟೆಲು. ಪ್ರಪಂಚದಲ್ಲಿ ಇಡ್ಲಿ ಬೇಯಿಸುವಷ್ಟು ಹೊತ್ತಿನಲ್ಲಿ ಬಗೆಹರಿಯದ ಸಮಸ್ಯೆ ಇದೆಯೆಂದು ಅವನು ನಂಬುವುದಿಲ್ಲ.

“ಎಂಥ ಮಾರಾಯ್ರೆ, ಇಷ್ಟಕ್ಕೆ ತಲೆಬಿಸಿಯಾ? ನಮ್ಮ ವಾರ್ಷಿಕೋತ್ಸವ ಉಂಟಲ್ಲ, ಅದೇ ಹೊಸ ಸೇತುವೆ ಆಚೆಯ ನಾಟ್ಯಗೃಹದಲ್ಲಿ! ಒಳ್ಳೇ ಮೈಕು, ಒಳ್ಳೇ ಹಾಲ್. ಅಕ್ಕ ಎದುರಿನ ಸಾಲಿನಲ್ಲಿ ಕೂತುಕೊಳ್ಳಲಿ. ಹಿಡಿಕೆ ಬೇಕಾ? ಕಟ್ಟಿಸುವ. ನೂಕುನುಗ್ಗಲು ಬೇಕಾ? ಅದೂ ಮಾಡಿಸುವ. ನಮ್ಮ ಹೋಟೆಲಿನ ಸಪ್ಲಾಯರುಗಳು ಇದ್ದಾರಲ್ಲ!”

“ನಾಟ್ಯಗೃಹ ಅಲ್ಲಾಡ್ತದೇನು?” ಎಂದರು ಸಾಹೇಬರು.

“ನೀವು ಹಾಡಿದ ಮೇಲೆ ಅಲ್ಲಾಡಿಯೇ ಅಲ್ಲಾಡ್ತದೆ!”

ವಾರ್ಷಿಕೋತ್ಸವದ ಮಧ್ಯಾಹ್ನ ಇಬ್ಬರೂ ಹೊಸ ಸೇತುವೆ ದಾಟಿ ಹೋದರು. ನೀಲಗಂಗಾ ಮದುವೆಯ ಇಳಕಲ್ ಸೀರೆ ಉಟ್ಟಿದ್ದರು. ಅವರಿಗಿಂತ ಮುಂದೆ ಸಾಹೇಬರು ಓಡುತ್ತಿದ್ದರು, ಅಭ್ಯಾಸ. “ಗಾಡಿ ಎಲ್ಲೂ ಹೋಗೂದಿಲ್ಲರೀ, ಸಾವಕಾಶ!” ಎಂದು ಹಿಂದಿನಿಂದ ಹೆಂಡತಿ ಕೂಗಬೇಕಾಯಿತು.

ಅಂದು ಆ ರಂಗಮಂಟಪದ ಮೇಲೆ ನಡೆದದ್ದನ್ನು ಆ ನಾಟ್ಯಗೃಹ ಇದುವರೆಗೆ ಕಂಡಿಲ್ಲ, ಇನ್ನು ಕಾಣುವುದೂ ಬೇಡ. ಮೇಲಿನ ದೀಪದ ಕಂಬಿಗೆ ಗುಜರಿಯಿಂದ ತಂದ ರೈಲಿನ ಹಿಡಿಕೆ ಕಟ್ಟಿದ್ದರು. ಸಾಹೇಬರು ಅದನ್ನು ಹಿಡಿದು ನಿಂತರು. ಪಕ್ಕದಲ್ಲಿ ತಾಳ ಹಿಡಿದ ಲತೀಶ. ಸುತ್ತ ಜಯಶೀಲನ ಆರೇಳು ಸಪ್ಲಾಯರುಗಳು ಬಿಳಿ ಸಮವಸ್ತ್ರದಲ್ಲೇ ಒತ್ತಿ ನಿಂತು, ಕಾರ್ಯದರ್ಶಿ ಕಣ್ಸನ್ನೆ ಮಾಡಿದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿದರು. ಒಬ್ಬ ಶ್ರದ್ಧೆಯಿಂದ ಪಕ್ಕೆಗೆ ತಿವಿದ. ಇನ್ನೊಬ್ಬ, ಅವನಿಗೆ ಯಾರೂ ಹೇಳಿರಲಿಲ್ಲ, “ಕುರ್ಲಾ, ಕುರ್ಲಾ!” ಎಂದು ಕೂಗಿ ಇಳಿಯಲು ನುಗ್ಗಿದ. ಸಭೆ ಇದು ಹೊಸ ರೀತಿಯ ನಾಟಕವೆಂದು ತಿಳಿದು ಚಪ್ಪಾಳೆ ತಟ್ಟಿತು.

ಎದುರಿನ ಸಾಲಿನಲ್ಲಿ ನೀಲಗಂಗಾ ಬಲಗಿವಿಯನ್ನು ಮುಂದಕ್ಕೆ ಮಾಡಿ, ಅಂಗೈಯನ್ನು ದೊನ್ನೆಯಂತೆ ಹಿಡಿದು ಕೂತಿದ್ದರು.

ಸಾಹೇಬರು ಬಾಯಿ ತೆರೆದರು. ಮೈಕು ಎಷ್ಟು ಒಳ್ಳೆಯದಿತ್ತೆಂದರೆ ಆ ಎಣ್ಣೆ ಕಾಣದ ಬಾಗಿಲಿನ ಸದ್ದನ್ನು ಅದು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ತಲುಪಿಸಿತು. ಮತ್ತೊಮ್ಮೆ ತೆರೆದರು. ಕೆಮ್ಮು ಬಂತು. ಹಲಗೆಯ ನೆಲ ಕಲ್ಲಿನಂತೆ ನಿಂತೇ ಇತ್ತು. ಸಾಹೇಬರು ಹಿಡಿಕೆ ಬಿಟ್ಟು, ಕೈಮುಗಿದು, ಕೆಳಗಿಳಿದರು. ಜಯಶೀಲ ಓಡಿಬಂದು ಶಾಲು ಹೊದಿಸಿದ. ಆ ಶಾಲಿನೊಳಗೆ ಅವರು ಒಗೆದ ಉಣ್ಣೆಯ ಬಟ್ಟೆಯಂತೆ ಕುಗ್ಗಿಹೋಗಿದ್ದರು.

ನೀಲಗಂಗಾ ಅಂಗೈಯನ್ನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ನಡೀರಿ, ಮನೀಗಿ ಹೋಗೂಣು” ಎಂದರು, ಅಷ್ಟೆ.

ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ನಾನು ಸನ್ಮಾನದ ಹಣ್ಣಿನ ಬುಟ್ಟಿ ಹೊತ್ತುಕೊಂಡು ನಾಲ್ಕು ಹೆಜ್ಜೆ ಹಿಂದೆ. ಸೇತುವೆ ಹತ್ತಿದೆವು. ಬೆನ್ನ ಹಿಂದೆ ಖಾಡಿಯ ಮೇಲೆ ಆಕಾಶ ಬ್ಯಾಡಗಿ ಮೆಣಸಿನಕಾಯಿ ರಾಶಿ ಸುರಿದಂತೆ ಕೆಂಪಾಗಿತ್ತು. ಎದುರಿಗೆ ಬಹುದೂರದಲ್ಲಿ ಮಲಂಗಗಡದ ಗುಡ್ಡ ನೀರಿನಲ್ಲಿ ಕದಡಿದ ಮಸಿಯಂತೆ ಕರಗುತ್ತಿತ್ತು. ಸೇತುವೆಯ ದೀಪಗಳು ಆಗಷ್ಟೇ ಹತ್ತಿಕೊಂಡು, ಹತ್ತಬೇಕೋ ಬೇಡವೋ ಎಂದು ಮಿಟುಕುತ್ತಿದ್ದವು. ಜನ ಎಂದಿನಂತೆ ಓಡುತ್ತಿದ್ದರು, ಆದರೆ ಆ ಬೆಳಕಿನಲ್ಲಿ ನೋಡಿದರೆ ಅವರ ಕಾಲುಗಳು ನೆಲ ಮುಟ್ಟದೆ ತೇಲಿದಂತೆ ತೋರುತ್ತಿತ್ತು. ಸಾಹೇಬರು ಒಬ್ಬರೇ ಅಂದು ಓಡಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವರು ಒಂದು ಸೇತುವೆಯನ್ನು ಮೆಲ್ಲಗೆ ನಡೆದು ದಾಟುತ್ತಿದ್ದರು. ನಡುವಿಗೆ ಬಂದಾಗ ನಿಂತೂಬಿಟ್ಟರು. ಅಷ್ಟರಲ್ಲಿ ನಾನು ಅವರ ಬೆನ್ನಿಗೇ ಬಂದು ತಲುಪಿದ್ದೆ.

“ನೀಲಾ,” ಎಂದರು. ಅವರು ಎಡಗಡೆ ಇದ್ದದ್ದರಿಂದ ನೀಲಗಂಗಾಗೆ ಕೇಳಿಸಲಿಲ್ಲ. ಸಾಹೇಬರು ಸುತ್ತಿ ಬಲಕ್ಕೆ ಬಂದರು. “ನೀಲಾ, ನನ್ನ ಕೈಲೆ ಆಗ್ಲಿಲ್ಲ.”

“ಇರ್ಲಿ ಬಿಡ್ರಿ. ಕೆಮ್ಮರ ನಂದ ಐತಲ್ಲ. ಅದನ್ನ ಮತ್ಯಾರಿಗೂ ಕೊಟ್ಟಿಲ್ಲ ನೀವು.”

ಆಗ ಕಲ್ಯಾಣದ ಕಡೆಯಿಂದ ಒಂದು ಫಾಸ್ಟ್ ಗಾಡಿ ಬಂತು.

ಮೊದಲು ಹಳಿಗಳು ಸಿಳ್ಳೆ ಹಾಕಿದವು. ಆಮೇಲೆ ಕಂಬಗಳು ಗುನುಗಿದವು. ಆಮೇಲೆ ಇಡೀ ಸೇತುವೆ ಕಾಲಡಿಯಿಂದ ನಡುಗಲು ಶುರುವಾಯಿತು. ಬುಟ್ಟಿಯಲ್ಲಿದ್ದ ಸೇಬುಗಳು ಒಂದಕ್ಕೊಂದು ಸರಿದು ಜಾಗ ಮಾಡಿಕೊಟ್ಟವು. ಹಿಂದಿನಿಂದ ಓಡಿಬಂದ ಒಬ್ಬ, ಬೆನ್ನಿಗೆ ಬ್ಯಾಗು ಹಾಕಿಕೊಂಡಿದ್ದವನು, ಸಾಹೇಬರ ಪಕ್ಕೆಗೆ ಸರಿಯಾಗಿ ಒಂದು ಮೊಳಕೈ ಕೊಟ್ಟು, “ಸಾಯ್ಡ್ ದೋ ಅಂಕಲ್!” ಎಂದ.

ಸಾಹೇಬರ ಬಲಗೈ ತಾನಾಗಿಯೇ ಮೇಲೆದ್ದಿತು. ಅಲ್ಲಿ ಸೇತುವೆಯ ಚಾವಣಿಯ ಒಂದು ಕಬ್ಬಿಣದ ಪೈಪು ಕೈಗೆಟುಕುವಷ್ಟು ಕೆಳಗಿತ್ತು. ಕೈ ಅದನ್ನು ಹಿಡಿಯಿತು. ಕಣ್ಣು ಮುಚ್ಚಿದವು. ಮೈ ತೂಗಿತು. ಒಂದು ಕಾಲು ನನ್ನ ಚಪ್ಪಲಿಯ ಮೇಲೆ ಬಂತು, ನಾನು ಕಾಲು ಕದಲಿಸಲಿಲ್ಲ.

ಕುಂತಾವಗೂ ಒಂದ ಟೇಶನ್ನು…

ಮೊದಲ ಸಾಲನ್ನು ಗಾಡಿಯ ಸದ್ದು ನುಂಗಿತು. ನೀಲಗಂಗಾ ಕೇಳಲಿಲ್ಲ, ಗಂಡನ ಗಂಟಲಿನ ನರ ಉಬ್ಬಿದ್ದನ್ನು ಕಂಡರು. ಕಂಡವರೇ ಎರಡೂ ಕೈಯಿಂದ ಅವರ ತೋಳು ಹಿಡಿದು ಬಲಗಿವಿಯನ್ನು ಅವರ ಎದೆಯ ಹತ್ತಿರ ತಂದರು. ಗಾಡಿ ದಾಟಿತು. ಸದ್ದು ಹೋಯಿತು. ಸೇತುವೆ ಮಾತ್ರ ಜೋಗುಳದ ತೊಟ್ಟಿಲಿನಂತೆ ಇನ್ನೂ ಸಣ್ಣಗೆ ತೂಗುತ್ತಿತ್ತು. ಆ ತೂಗಿನ ಮೇಲೆ, ಕೆಮ್ಮಿನ ಒಂದು ಕಲೆಯೂ ಇಲ್ಲದೆ, ದನಿ ಎದ್ದು ನಿಂತಿತು.

ಅದು ಎಷ್ಟು ದೂರ ಹೋಯಿತೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಬೇಲಾಪುರದ ಆಫೀಸುಗಳಲ್ಲಿ ಫ್ಯಾನುಗಳು ತಾಳಕ್ಕೆ ಸರಿಯಾಗಿ ತಿರುಗಿದವು. ಸುರಂಗದಲ್ಲಿ ಬಾವಲಿಗಳು ಎದ್ದು ಕೂತವು. ಅದನ್ನೆಲ್ಲ ಬಿಡಿ. ನನ್ನ ಕಣ್ಣೆದುರು ನಡೆದದ್ದು ಇದಕ್ಕಿಂತ ದೊಡ್ಡದು. ಸೇತುವೆಯ ಮೇಲೆ ಓಡುತ್ತಿದ್ದ ಡೊಂಬಿವಲಿಯ ಜನ ನಿಂತರು. ಬ್ಯಾಗಿನವನೂ ನಿಂತ. ಯಾವ ಗಾಡಿಯೂ ತಪ್ಪಿಹೋಗದ ಜಾಗದಲ್ಲಿ ತಾವಿದ್ದೇವೆ ಎಂಬುದು ಆಗ ಅವರ ಕಾಲುಗಳಿಗೆ ತಿಳಿದಿರಬೇಕು.

ಸರದು ಕುಂಡ್ರೋ ತಮ್ಮಾ, ಚೂರು ಸರದು ಕುಂಡ್ರೋ…

ಪಕ್ಕದಲ್ಲಿ ಒಂದು ಬೆಂಚು, ಅದರ ಮೇಲೆ ಮೂವರು. ಕನ್ನಡ ಅವರಿಗೆ ಬರುತ್ತಿತ್ತೋ ಇಲ್ಲವೋ ತಿಳಿಯದು. ಮೂವರೂ ತಮ್ಮಷ್ಟಕ್ಕೆ ಸರಿದರು. “ಬೈಠಿಯೇ ಆಜೀ,” ಎಂದರು. ನೀಲಗಂಗಾ ನಾಲ್ಕನೆಯ ಸೀಟಿನಲ್ಲಿ, ಅರ್ಧ ಮೈ ಹೊರಗೆ, ಇಳಕಲ್ ಸೆರಗು ಗಾಳಿಗೆ ಬಿಟ್ಟು ಕೂತರು. ಅಂಗೈ ಮತ್ತೆ ದೊನ್ನೆಯಾಯಿತು.

ಪದ ಮುಗಿದು ಸಾಹೇಬರು ಕಣ್ಣು ತೆರೆದರು. ಪೈಪು ಬಿಡಲಿಲ್ಲ. ಹೆಂಡತಿಯನ್ನು ನೋಡಿದರು. ಅಷ್ಟು ಜನರೂ ಅವರನ್ನು ಬಿಟ್ಟು ಆಕೆಯನ್ನೇ ನೋಡಿದರು.

ನೀಲಗಂಗಾ ಸೆರಗಿನಿಂದ ಮೂಗು ಒರೆಸಿಕೊಂಡರು. ಸ್ವಲ್ಪ ಹೊತ್ತು ಲೆಕ್ಕ ಹಾಕುವವರಂತೆ ಹಳಿಗಳ ಕಡೆ ನೋಡಿದರು.

“ಚಲೋ ಐತಿ,” ಎಂದರು. “ಆದ್ರ ಕೊತ್ತಂಬರಿಯವ ಹೇಳಿದಷ್ಟೇನಿಲ್ಲ.”

ಸಾಹೇಬರ ಮುಖ ಇಳಿಯುವಷ್ಟರಲ್ಲಿ ಆಕೆ ಬೆಂಚಿನ ಮೇಲೆ ಇನ್ನೊಂದು ಚೂರು ಒಳಗೆ ಸರಿದು ಗಟ್ಟಿಯಾಗಿ ಕೂತರು.

“ಹಂಗ ನೋಡ್ಬ್ಯಾಡ್ರಿ. ಮೊದಲಿನ ಸಾಲು ನನಗ ಕೇಳಿಸ್ಲೇ ಇಲ್ಲ. ಅರ್ಧಾ ಕೇಳಿ ಪೂರಾ ಹೆಂಗ ಹೇಳ್ಲಿ? ಇನ್ನೊಂದ ಗಾಡಿ ಬರ್ಲಿ.”

ಠಾಕುರ್ಲಿಯ ತಿರುವಿನಲ್ಲಿ ಆಗಲೇ ಒಂದು ದೀಪ ಕಾಣಿಸಿತ್ತು. ಸಾಹೇಬರು ಪೈಪನ್ನು ಸರಿಯಾಗಿ ಹಿಡಿದುಕೊಂಡರು. ನಾನು ಹಣ್ಣಿನ ಬುಟ್ಟಿ ಕೆಳಗಿಟ್ಟು, ಇನ್ನೊಂದು ಚಪ್ಪಲಿಯನ್ನೂ ಅವರ ಕಾಲಿಗೆ ಅನುಕೂಲವಾಗುವಂತೆ ಮುಂದೆ ಸರಿಸಿದೆ.